ಕೆಡವಿದ ಮನೆಯ ಬಾಗಿಲು ಯಾರದ್ದು?

ಮನೆ ರಿಪೇರಿ ಕುರಿತು ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟವನ್ನು ಹೇಳಿವೆ. ಕೆಲಸಕ್ಕೆ ಬಂದವರು ಹಳೆಯ ಮರ, ಹಂಚು, ತಂತಿ, ಕಲ್ಲುಗಳನ್ನು ಒಂದು ಮಾತೂ ಕೇಳದೆ ಸಾಗಿಸಿದ್ದಾರೆ. ಇನ್ನೊಂದು ಬದಿಯಿಂದ ಒಬ್ಬ ಮೇಸ್ತ್ರಿಯೂ ಬರೆದಿದ್ದಾರೆ. ಆರಿಸಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು ತಂದೆಯವರು 1962ರಲ್ಲಿ ಕಟ್ಟಿಸಿದ ಮನೆ. ಅಡುಗೆಮನೆ ಮತ್ತು ಹಿಂದಿನ ಎರಡು ಕೋಣೆಗಳನ್ನು ಒಡೆದು ಹೊಸದಾಗಿ ಕಟ್ಟಲು ಸಾಮಾನು ಸಮೇತ ಗುತ್ತಿಗೆ ಕೊಟ್ಟೆವು. ಮದುವೆಗೆಂದು ನಾಲ್ಕು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಚೌಕಟ್ಟಿನ ಸಮೇತ ಮೂರು ತೇಗದ ಬಾಗಿಲು, ಹಿತ್ತಾಳೆಯ ಚಿಲಕಗಳು, ಅಡುಗೆಮನೆಯ ಕಡಪ ಕಲ್ಲುಗಳು ಎಲ್ಲವೂ ಮಾಯ. ಕೇಳಿದರೆ ‘ಡೆಬ್ರಿಸ್ ಜೊತೆ ಹೋಯ್ತು ಸಾರ್, ಕೆಡವೋ ರೇಟಲ್ಲೇ ಎಲ್ಲಾ ಸೇರಿತ್ತು’ ಎನ್ನುತ್ತಾರೆ. ಕರಾರಿನಲ್ಲಿ ಇದರ ಬಗ್ಗೆ ಒಂದಕ್ಷರವೂ ಇಲ್ಲ. ಈಗೇನು ಮಾಡುವುದು?
— ಓದುಗರು, ಮೈಸೂರು

ಉತ್ತರ: ಕರಾರಿನಲ್ಲಿ ಒಂದಕ್ಷರವೂ ಇಲ್ಲದಿರುವುದು ನಿಮಗೇ ಅನುಕೂಲ. ಮನೆ ನಿಮ್ಮದಾದ ಮೇಲೆ ಅದರಿಂದ ಕಳಚಿದ್ದೂ ನಿಮ್ಮದೇ. ಅದನ್ನು ಗುತ್ತಿಗೆದಾರರಿಗೆ ಬಿಟ್ಟುಕೊಟ್ಟಿದ್ದೀರಿ ಎನ್ನಬೇಕಾದರೆ ನೀವು ಬರೆದಿರಬೇಕು, ಇಲ್ಲವೇ ಬಾಯಲ್ಲಾದರೂ ಹೇಳಿರಬೇಕು. ‘ಕೆಡವಿ ಸಾಗಿಸುವುದು’ ಎಂಬ ಮಾತಿನಲ್ಲಿ ಸಾಗಿಸಬೇಕಾದದ್ದು ಮಣ್ಣು, ಗಾರೆ, ಒಡೆದ ಇಟ್ಟಿಗೆ, ಕಾಂಕ್ರೀಟ್ ಚೂರು. ಬಾಗಿಲು ಡೆಬ್ರಿಸ್ ಅಲ್ಲ. ಸರ್ಕಾರಿ ಕಾಮಗಾರಿಗಳ ಅಂದಾಜುಪಟ್ಟಿಯನ್ನೇ ನೋಡಿ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಕೆಡವುವ ಕೆಲಸದ ವಿವರಣೆಯಲ್ಲೇ, ಉಪಯೋಗಕ್ಕೆ ಬರುವ ಸಾಮಾನನ್ನು 50 ಮೀಟರ್ ಒಳಗೆ ಒಟ್ಟಿ ಇಡುವುದು ಮತ್ತು ಉಪಯೋಗಕ್ಕೆ ಬಾರದ್ದನ್ನು ವಿಲೇವಾರಿ ಮಾಡುವುದು ಎಂದು ಎರಡನ್ನೂ ಬೇರೆ ಬೇರೆಯಾಗಿ ಹೇಳಿರುತ್ತದೆ. ಗುತ್ತಿಗೆ ಹಿಡಿದು ನಾಲ್ಕಾರು ವರ್ಷ ಕೆಲಸ ಮಾಡಿದವರಿಗೆ ಈ ವ್ಯತ್ಯಾಸ ಗೊತ್ತಿಲ್ಲದೆ ಇರುವುದಿಲ್ಲ.

ಈಗ ಮಾಡಬೇಕಾದದ್ದರಲ್ಲಿ ಸಮಯವೇ ಮುಖ್ಯ. ಹಳೆಯ ತೇಗದ ಚೌಕಟ್ಟು ಹಳೇ ಮರದ ಅಂಗಡಿ ಸೇರಿದ ಮೇಲೆ ಮೊಳೆ ಕಿತ್ತು, ಹತ್ತರಿ ಹೊಡೆದು, ಸೀಳಿಬಿಟ್ಟರೆ ಗುರುತು ಹಿಡಿಯುವುದು ಕಷ್ಟ. ಆದ್ದರಿಂದ ಜಗಳಕ್ಕೆ ನಿಲ್ಲದೆ ಮೊದಲು ವಾಹನ ಯಾವುದೆಂದು ಪತ್ತೆ ಮಾಡಿ. ಡೆಬ್ರಿಸ್ ಹೊತ್ತ ಟ್ರ್ಯಾಕ್ಟರ್ ಅಥವಾ ಟೆಂಪೊ ಚಾಲಕರಿಗೆ ಯಾವ ಲೋಡು ಎಲ್ಲಿ ಇಳಿಯಿತು ಎಂಬುದು ನೆನಪಿರುತ್ತದೆ. ಬಾಡಿಗೆ ಟ್ರಿಪ್ಪಿನ ಲೆಕ್ಕದಲ್ಲಿ ಆಗಿರುವುದರಿಂದ ಚೀಟಿಯೂ ಇರಬಹುದು. ಎದುರು ಮನೆಯ ಕ್ಯಾಮೆರಾದ ದೃಶ್ಯಗಳ ಮೇಲೆ ಕೆಲವೇ ದಿನಗಳಲ್ಲಿ ಹೊಸವು ದಾಖಲಾಗಿ ಅಳಿಸಿಹೋಗುತ್ತವೆ, ಅದನ್ನು ಇವತ್ತೇ ಕೇಳಿ ತೆಗೆದಿಟ್ಟುಕೊಳ್ಳಿ. ಬಾಗಿಲು ಅಂಗಡಿಯಲ್ಲಿ ಕಂಡರೆ ಫೋಟೊ ತೆಗೆದುಕೊಂಡು, ‘ಇದು ನಮ್ಮ ಮನೆಯದು, ಮಾರಬೇಡಿ’ ಎಂದು ಅಂಗಡಿಯವರಿಗೆ ಹೇಳಿ. ಅದೇ ಮಾತನ್ನು ಅವರ ಫೋನಿಗೂ ಸಂದೇಶವಾಗಿ ಕಳಿಸಿ. ಕದ್ದ ಮಾಲು ಎಂದು ತಿಳಿದೂ ಇಟ್ಟುಕೊಳ್ಳುವುದು ಬೇರೆಯೇ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮು. ಇದು ವ್ಯಾಪಾರಿಗಳಿಗೆ ತಿಳಿದ ವಿಷಯವಾದ್ದರಿಂದ ಅನೇಕರು ಅಲ್ಲಿಗೇ ಕೈಬಿಡುತ್ತಾರೆ.

ಜೊತೆಗೇ ಬೆಲೆ ಕಟ್ಟಿ. ಬಾಗಿಲು ಹೋದರೂ ಗೋಡೆಯ ತೂತು ಅಥವಾ ಅದರ ಹಳೆಯ ಅಳತೆ ಉಳಿದಿರುತ್ತದೆ. ಉದಾಹರಣೆಗೆ 7 ಅಡಿ ಎತ್ತರ, ಮೂರೂವರೆ ಅಡಿ ಅಗಲ, ಹೊಸ್ತಿಲು ಇರುವ ಚೌಕಟ್ಟು, ಮರ 4×3 ಇಂಚು ಎಂದಿಟ್ಟುಕೊಳ್ಳಿ. ಮರದ ಒಟ್ಟು ಉದ್ದ 21 ಅಡಿ. 4×3×21ನ್ನು 144ರಿಂದ ಭಾಗಿಸಿದರೆ 1.75 ಘನ ಅಡಿ. ಒಳಗಿನ ಕದ ಆರೂವರೆ ಅಡಿ ಎತ್ತರ, 3 ಅಡಿ ಅಗಲ, ಒಂದೂವರೆ ಇಂಚು ದಪ್ಪ. ಪೂರ್ತಿ ಗಟ್ಟಿ ಎಂದು ಹಿಡಿದರೆ 2.4 ಘನ ಅಡಿ ಬರುತ್ತದೆ, ಆದರೆ ನಡುವಿನ ಹಲಗೆಗಳು ತೆಳು ಇರುವುದರಿಂದ 2 ಎಂದುಕೊಳ್ಳಿ. ಅಲ್ಲಿಗೆ ಒಂದು ಬಾಗಿಲಿಗೆ ಕಾಲು ಕಡಿಮೆ 4, ಮೂರಕ್ಕೆ ಸುಮಾರು 11 ಘನ ಅಡಿ ತೇಗ. ಇಬ್ಬರು ಹಳೇ ಮರದ ವ್ಯಾಪಾರಿಗಳಿಂದ ಘನ ಅಡಿಯ ದರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮೊಳೆ ತೂತು, ಕೂಡಿಕೆಗಾಗಿ ಕೊರೆದ ಜಾಗಗಳಿಗೆಂದು ಅವರು ಒಂದಿಷ್ಟು ಕಳೆಯುತ್ತಾರೆ, ಅದು ನ್ಯಾಯವೇ. ಚಿಲಕಗಳನ್ನು ಮಾತ್ರ ಹಿತ್ತಾಳೆಯ ತೂಕಕ್ಕೆ ಇಳಿಸಬೇಡಿ. ಎರಕದ ಹಳೆಯ ಚಿಲಕ ಚಿಲಕವಾಗಿಯೇ ಮಾರಾಟವಾಗುತ್ತದೆ. ಬಾಗಿಲು ಇದ್ದದ್ದಕ್ಕೆ ಸಾಕ್ಷಿ ಬೇಕೆಂದರೆ ಮನೆಯ ಆಲ್ಬಮ್ ತೆಗೆಯಿರಿ. ಸೀಮಂತ, ನಾಮಕರಣ, ಹಬ್ಬದ ತೋರಣ, ಯಾವುದಾದರೊಂದು ಚಿತ್ರದಲ್ಲಿ ಹಿನ್ನೆಲೆಗೆ ಆ ಬಾಗಿಲು ನಿಂತಿರುತ್ತದೆ.

ಇಷ್ಟು ಕೈಯಲ್ಲಿದ್ದರೆ ಗುತ್ತಿಗೆದಾರರಿಗೆ ಬರಹದಲ್ಲಿ ಕೇಳಿ: ಇಂಥ ವಸ್ತು, ಇಷ್ಟು ಅಳತೆ, ಇಷ್ಟು ಬೆಲೆ, ಏಳು ದಿನದೊಳಗೆ ವಾಪಸು ತರಬೇಕು, ಇಲ್ಲವೇ ಮುಂದಿನ ಬಿಲ್ಲಿನಲ್ಲಿ ಕಳೆಯಲಾಗುವುದು. ಹೆಚ್ಚಿನ ಪ್ರಕರಣಗಳು ಈ ಹಂತದಲ್ಲೇ ಮುಗಿಯುತ್ತವೆ, ಏಕೆಂದರೆ ಕೆಲಸ ಇನ್ನೂ ಬಾಕಿ ಇದೆ, ಹಣವೂ ನಿಮ್ಮ ಕೈಯಲ್ಲಿದೆ. ಆದರೆ ಲೆಕ್ಕ ತೋರಿಸದೆ ಸುಮ್ಮನೆ ಹಣ ತಡೆಹಿಡಿಯಬೇಡಿ, ಆಗ ಕರಾರು ಮುರಿದವರು ನೀವಾಗುತ್ತೀರಿ. ಕೂಲಿಯವರ ಬಟವಾಡೆಯನ್ನಂತೂ ಖಂಡಿತ ತಡೆಯಬಾರದು. ಬಾಗಿಲು ಹೊತ್ತವರು ಅವರೇ ಇರಬಹುದು, ಆದರೆ ಹೊರಿಸಿದವರು ಸಾಮಾನ್ಯವಾಗಿ ಬೇರೆ.

ಒಪ್ಪದಿದ್ದರೆ ಪೊಲೀಸ್ ದೂರು. ಗೋಡೆಗೆ ಕೂತಿರುವ ಬಾಗಿಲು ಸ್ಥಿರಾಸ್ತಿ, ಅದನ್ನು ಕದಿಯುವುದು ಹೇಗೆ ಎಂಬ ವಾದ ಠಾಣೆಯಲ್ಲಿ ಕೇಳಿಬರಬಹುದು. ನೆಲಕ್ಕೆ ಅಂಟಿದ ವಸ್ತು ಕಳಚಿದ ಕ್ಷಣದಿಂದ ಕಳವಿಗೆ ಒಳಪಡುತ್ತದೆ ಎಂದು ಸಂಹಿತೆಯ 303ನೇ ಕಲಮಿನ ವಿವರಣೆಯಲ್ಲೇ ಇದೆ. ನಿಮ್ಮ ವಶದಿಂದ ನಂಬಿಕೆಯ ಮೇಲೆ ಅವರ ವಶಕ್ಕೆ ಕೊಟ್ಟಿದ್ದರೆ 316, ಅಂದರೆ ನಂಬಿಕೆದ್ರೋಹ, ಅನ್ವಯಿಸಬಹುದು. ಯಾವುದು ಎಂಬುದನ್ನು ಅವರು ನಿರ್ಧರಿಸಲಿ, ನೀವು ಘಟನೆಯನ್ನಷ್ಟೇ ಬರೆಯಿರಿ. ಬೆಲೆ 5,000 ರೂಪಾಯಿಗಿಂತ ಕಡಿಮೆ ಇರುವ ಕಳವನ್ನು ಈ ಸಂಹಿತೆ ಬೇರೆಯಾಗಿ ನೋಡುತ್ತದೆ, ಆದ್ದರಿಂದ ವ್ಯಾಪಾರಿಗಳ ದರದ ಚೀಟಿಯನ್ನು ದೂರಿಗೆ ಲಗತ್ತಿಸಿ.

ಇನ್ನೊಂದು ದಾರಿ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ‘ಸೇವೆ’ಯೇ. ಘಟನೆಯಿಂದ ಎರಡು ವರ್ಷದೊಳಗೆ ದೂರು ಹಾಕಬೇಕು, ವಕೀಲರು ಇರಲೇಬೇಕೆಂದಿಲ್ಲ. ಯಾವ ಆಯೋಗ, ಎಷ್ಟು ಶುಲ್ಕ ಎಂಬುದನ್ನು ಕಳೆದ ವಸ್ತುವಿನ ಬೆಲೆಯ ಮೇಲಲ್ಲ, ನೀವು ಸೇವೆಗೆ ಕೊಟ್ಟ ಹಣದ ಮೇಲೆ ಲೆಕ್ಕ ಹಾಕುತ್ತಾರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಕ್ರಮ ತಿಳಿಸುತ್ತಾರೆ.

ಪ್ರಶ್ನೆ: ಮುಂದಿನ ತಿಂಗಳು ನಮ್ಮ ಹಳೆಯ ಮನೆಯ ಕೆಲಸ ಶುರುವಾಗುತ್ತದೆ. ಹಳೇ ಸಾಮಾನಿನ ಬಗ್ಗೆ ಕರಾರಿನಲ್ಲಿ ಏನೆಂದು ಬರೆಸಬೇಕು?
— ಓದುಗರು, ಹುಬ್ಬಳ್ಳಿ

ಉತ್ತರ: ಬರೆಸುವ ಮುಂಚೆ ಒಂದು ವಿಷಯ ತೀರ್ಮಾನಿಸಿ: ಹಳೇ ಸಾಮಾನು ಯಾರಿಗೆ, ಮತ್ತು ಅದಕ್ಕೆ ಬದಲಾಗಿ ಕೆಡವುವ ಕೂಲಿ ಎಷ್ಟು. ಇವೆರಡೂ ಒಂದೇ ತಕ್ಕಡಿಯ ಎರಡು ತಟ್ಟೆ. ಇಡೀ ಮನೆ ಕೆಡವುವ ಗುತ್ತಿಗೆದಾರರು ಕಬ್ಬಿಣ, ಬಾಗಿಲು, ಕಿಟಕಿಗಳಿಂದ ಬರುವ ಹಣವನ್ನು ಮೊದಲೇ ಎಣಿಸಿಕೊಂಡಿರುತ್ತಾರೆ. ಸಾಮಾನು ಚೆನ್ನಾಗಿದ್ದರೆ ಅವರೇ ಮಾಲೀಕರಿಗೆ ಹಣ ಕೊಟ್ಟು ಕೆಡವುವುದೂ ಇದೆ. ಹೀಗಿರುವಾಗ ಕೆಡವುವ ಕೂಲಿಯನ್ನೂ ಪೂರ್ತಿ ಕೊಟ್ಟು ಸಾಮಾನನ್ನೂ ಬಿಟ್ಟುಕೊಟ್ಟರೆ ಒಂದೇ ಕೆಲಸಕ್ಕೆ ಎರಡು ಸಲ ತೆತ್ತಂತೆ. ‘ಸಾಮಾನು ನಮಗೆ, ಕೂಲಿ ನಿಮಗೆ’ ಎನ್ನಿ, ಇಲ್ಲವೇ ‘ಸಾಮಾನು ನಿಮಗೆ, ಇಷ್ಟು ರೂಪಾಯಿ ಬಿಲ್ಲಿನಲ್ಲಿ ಕಡಿತ’ ಎನ್ನಿ. ‘ಆಮೇಲೆ ನೋಡೋಣ’ ಎಂಬ ಮೂರನೆಯ ಮಾತಿನಿಂದಲೇ ಎಲ್ಲ ತಂಟೆ ಹುಟ್ಟುವುದು.

ಕರಾರಿನಲ್ಲಿ ಈ ಅರ್ಥ ಬರುವಂತೆ ಬರೆಸಿ: ‘ಕೆಡವುವಾಗ ಸಿಗುವ ಮರ, ಬಾಗಿಲು–ಕಿಟಕಿ, ಕಬ್ಬಿಣ, ತಾಮ್ರ, ಹಿತ್ತಾಳೆ, ಕಲ್ಲು, ಹಂಚು, ನಲ್ಲಿ–ಸಿಂಕು, ಮೋಟಾರು, ಟ್ಯಾಂಕು ಇವೆಲ್ಲ ಮಾಲೀಕರ ಸ್ವತ್ತು. ಲಗತ್ತಿಸಿದ ಪಟ್ಟಿಯಲ್ಲಿರುವುದನ್ನು ಒಡೆಯದಂತೆ ಕಳಚಿ ತೋರಿಸಿದ ಜಾಗದಲ್ಲಿ ಒಟ್ಟಬೇಕು. ಮಾಲೀಕರ ಬರಹದ ಒಪ್ಪಿಗೆ ಇಲ್ಲದೆ ನಿವೇಶನದಿಂದ ಏನನ್ನೂ ಹೊರಗೆ ಸಾಗಿಸಕೂಡದು. ಉಪಗುತ್ತಿಗೆಯವರೂ ಕೂಲಿಯವರೂ ಸಾಗಿಸಿದರೂ ಹೊಣೆ ಗುತ್ತಿಗೆದಾರರದ್ದೇ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಎಲೆಕ್ಟ್ರಿಷಿಯನ್, ಪ್ಲಂಬರ್, ಕೆಡವುವ ತಂಡ ಇವರೆಲ್ಲ ಬೇರೆ ಬೇರೆ. ಏನಾದರೂ ಕಾಣೆಯಾದ ದಿನ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ.

ಪಟ್ಟಿ ಎಂದರೆ ‘ಹಳೇ ಬಾಗಿಲುಗಳು’ ಎಂದು ಬರೆಯುವುದಲ್ಲ. ಒಂದೊಂದಕ್ಕೂ ಸಂಖ್ಯೆ, ಅಳತೆ, ಮರದ ಜಾತಿ, ಒಂದು ಫೋಟೊ. ಅದೇ ಸಂಖ್ಯೆಯನ್ನು ಚೌಕಟ್ಟಿನ ಮೇಲೂ ಕದದ ಮೇಲೂ ಎಣ್ಣೆ ಬಣ್ಣದಲ್ಲಿ ಬರೆಯಿರಿ, ಸೀಮೆಸುಣ್ಣ ಧೂಳಿನಲ್ಲಿ ಒರೆಸಿಹೋಗುತ್ತದೆ.

ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ ಎಂದರೆ ಕೆಡವುವವರು ಬರುವ ಮುಂಚೆ ಬೇಕಾದದ್ದನ್ನು ನಿಮ್ಮ ಬಡಗಿಯಿಂದಲೇ ಬಿಚ್ಚಿಸಿಡುವುದು. ಮೊದಲು ಕದ. ಹಳೆಯ ತಿರುಪು ತುಕ್ಕು ಹಿಡಿದಿದ್ದರೆ ಅದರ ಸೀಳನ್ನು ಕೆರೆದು, ಒಂದಿಷ್ಟು ಸೀಮೆಎಣ್ಣೆ ಬಿಟ್ಟು, ರಾತ್ರಿ ಕಳೆದ ಮೇಲೆ ತಿರುಗಿಸಿದರೆ ಸಾಮಾನ್ಯವಾಗಿ ಬರುತ್ತದೆ. ಆಮೇಲೆ ಚೌಕಟ್ಟು. ಅದನ್ನು ಗೋಡೆಗೆ ಹಿಡಿದಿರುವುದು ಎರಡೂ ಬದಿಯ ಕಬ್ಬಿಣದ ಹೋಲ್ಡ್‌ಫಾಸ್ಟ್‌ಗಳು. ಸುತ್ತಲಿನ ಗಾರೆಯನ್ನು ಉಳಿಯಿಂದ ಬಿಡಿಸಿ, ಅವುಗಳನ್ನು ಗರಗಸದಿಂದ ಕತ್ತರಿಸಬೇಕು. ಹಾರೆ ಹಾಕಿ ಮೀಟಿದರೆ ಮೂಲೆಯ ಕೂಡಿಕೆ ಸೀಳುತ್ತದೆ. ಕಳಚುವ ಮುಂಚೆ ಅಡ್ಡಲಾಗಿ ಒಂದು, ಓರೆಯಾಗಿ ಒಂದು ರೀಪು ಹೊಡೆದರೆ ಚೌಕಟ್ಟು ಮೂಲೆಮಟ್ಟ ಕಳೆದುಕೊಳ್ಳುವುದಿಲ್ಲ. ಚೌಕಟ್ಟಿನ ಮೇಲೆ ಲಿಂಟಲ್ (ಗೋಡೆಯ ಭಾರ ಹೊರುವ ಅಡ್ಡತೊಲೆ) ಇಲ್ಲದೆ ಗೋಡೆಯೇ ನೇರವಾಗಿ ಕೂತಿದ್ದರೆ ಆಧಾರ ಕೊಡದೆ ಕಳಚಬಾರದು, ಹಳೆಯ ಮಣ್ಣಿನ ಗೋಡೆಗಳಲ್ಲಿ ಹೀಗಿರುವುದುಂಟು.

ಪ್ರಶ್ನೆ: ಹಂಚಿನ ಮಾಡು ತೆಗೆಸಿ ತಾರಸಿ ಹಾಕಿಸಿದೆವು. ಮಾಡಿನ ಇಳಿಜಾರು ಸೇರಿ ಸುಮಾರು 1,200 ಚದರ ಅಡಿ. ಕೊನೆಗೆ ಅಂಗಳದಲ್ಲಿ ಉಳಿದದ್ದು 500 ಹಂಚು. ಉಳಿದವೆಲ್ಲ ಒಡೆದವು ಎಂದರು. ಅಷ್ಟು ಒಡೆಯುತ್ತವೆಯೇ?
— ಓದುಗರು, ಪುತ್ತೂರು

ಉತ್ತರ: ಲೆಕ್ಕ ಹಾಕೋಣ. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಕೂರುತ್ತವೆ. 1,200 ಚದರ ಅಡಿ ಎಂದರೆ 111 ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. ಅಲ್ಲಿಗೆ ಮಾಡಿನ ಮೇಲೆ 1,650ರ ಆಸುಪಾಸು ಹಂಚು ಇದ್ದಿರಬೇಕು, ಕೋಡಿನ, ಅಂದರೆ ಮಾಡಿನ ನೆತ್ತಿಯ ಹಂಚು ಬೇರೆ. 500 ಉಳಿದಿದ್ದರೆ 1,100ಕ್ಕೂ ಹೆಚ್ಚು ಲೆಕ್ಕಕ್ಕೆ ಸಿಗುತ್ತಿಲ್ಲ. ಕೈಯಿಂದ ಕೈಗೆ ದಾಟಿಸಿ ಇಳಿಸಿದ ಕೆಲಸದಲ್ಲಿ ನೂರಕ್ಕೆ ಐದು, ಹೆಚ್ಚೆಂದರೆ ಹತ್ತು ಒಡೆದರೆ ಸಹಜ. ಮೇಲಿಂದ ಜಾರಿಸಿ ಬಿಸಾಡಿದರೆ ಅರ್ಧಕ್ಕರ್ಧ ಹೋಗಬಹುದು. ಆದರೆ ಆಗಲೂ ಚೂರುಗಳು ಎಲ್ಲಾದರೂ ಇರಲೇಬೇಕು. ಒಂದು ಹಂಚು ಎರಡೂವರೆ ಕಿಲೋ ಎಂದರೆ 1,100 ಹಂಚಿನ ಚೂರು ಎರಡೂಮುಕ್ಕಾಲು ಟನ್. ಅಷ್ಟು ದೊಡ್ಡ ಕೆಂಪು ರಾಶಿ ನಿಮ್ಮ ಅಂಗಳದಲ್ಲೋ, ಹೊಸ ನೆಲದ ಅಡಿಯ ತುಂಬುವಿಕೆಯಲ್ಲೋ ಕಾಣಿಸದಿದ್ದರೆ ಹಂಚು ಒಡೆದಿಲ್ಲ, ಪಿಕಪ್ ಹತ್ತಿದೆ, ಅದೂ ಒಂದೇ ಟ್ರಿಪ್ಪಿನಲ್ಲಿ ಅಲ್ಲ. ಈ ಲೆಕ್ಕವನ್ನು ಕಾಗದದಲ್ಲಿ ಬರೆದು ಗುತ್ತಿಗೆದಾರರ ಮುಂದಿಡಿ. ಸಂಖ್ಯೆಗಳ ಮುಂದೆ ‘ಒಡೆದವು’ ಎಂಬ ಮಾತು ನಿಲ್ಲುವುದಿಲ್ಲ.

ಮಾಡು ಇಳಿಸುವ ಇತರ ಓದುಗರಿಗಾಗಿ ಇನ್ನಷ್ಟು. ಮಳೆ ನಿಂತು ಪಾಚಿ ಒಣಗಿದ ಮೇಲೆಯೇ ಈ ಕೆಲಸ ಹಿಡಿಯಿರಿ. ಹಂಚಿನ ನಡುವೆ ಕಾಲಿಡದೆ, ಅಡಿಯಲ್ಲಿ ರೀಪು ಇರುವ ಕಡೆಯೇ ಭಾರ ಹಾಕಬೇಕು. ಮೊದಲು ಕೋಡು. ಅಲ್ಲಿಯ ಹಂಚು ಗಾರೆಯಲ್ಲಿ ಕೂತಿರುವುದರಿಂದ ಒಂದಷ್ಟು ಒಡೆಯುವುದು ಖಚಿತ. ನಂತರ ಮೇಲಿನ ಸಾಲಿನಿಂದ ಕೆಳಕ್ಕೆ, ಏಕೆಂದರೆ ಮೇಲಿನ ಸಾಲು ಕೆಳಗಿನದರ ಮೇಲೆ ಕೂತಿರುತ್ತದೆ. ಕೆಳಗಿನದನ್ನು ಎಳೆದರೆ ಎರಡರ ತುಟಿಯೂ ಮುರಿಯುತ್ತದೆ. ಎರಡೂ ಇಳಿಜಾರುಗಳಿಂದ ಸರಿಸಮವಾಗಿ ತೆಗೆಯಿರಿ. ಒಂದು ಬದಿ ಪೂರ್ತಿ ಬರಿದಾಗಿ ಇನ್ನೊಂದು ಬದಿ ಭಾರ ಹಾಗೆಯೇ ಇದ್ದರೆ ಹಳೆಯ ಪಕಾಸುಗಳು (ರೀಪು ಹೊರುವ ಇಳಿಜಾರು ಮರಗಳು) ಓರೆಯಾಗುತ್ತವೆ.

ಇಳಿಸಿದ ಹಂಚನ್ನು ಮಲಗಿಸಿ ಪೇರಿಸಬಾರದು, ಅಡಿಯವು ಬಿರಿಯುತ್ತವೆ. ನೆಲದ ಮೇಲೆ ಎರಡು ಬಿದಿರು ಹಾಸಿ, ಹಂಚನ್ನು ನಿಲ್ಲಿಸಿ ಒಂದಕ್ಕೊಂದು ಒರಗಿಸಿ, ಎರಡು ಸಾಲಿಗಿಂತ ಎತ್ತರ ಬೇಡ. ಪೇರಿಸುವಾಗಲೇ ಗೆಣ್ಣಿನಿಂದ ತಟ್ಟಿ ನೋಡಿ. ಕಣ್ಣಿಗೆ ಕಾಣದ ಬಿರುಕಿದ್ದರೆ ಒಡಕು ದನಿ ಬರುತ್ತದೆ, ಗಟ್ಟಿ ಹಂಚು ಕಣಕಣ ಎನ್ನುತ್ತದೆ. ಅಡಿಭಾಗದಲ್ಲಿ ಅಚ್ಚೊತ್ತಿದ ಕಾರ್ಖಾನೆಯ ಹೆಸರು ನೋಡಿ ಬೇರೆ ಬೇರೆ ಗುಂಪು ಮಾಡಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಮೊದಲ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ–ಗುರುಪುರ ನದಿಗಳ ಜೇಡಿಯನ್ನು ನಂಬಿ ಹಲವು ಕಾರ್ಖಾನೆಗಳು ಹುಟ್ಟಿದವು. ಒಬ್ಬೊಬ್ಬರ ಅಚ್ಚಿನಲ್ಲೂ ತುಟಿಯ ಅಳತೆ ಕೊಂಚ ಬೇರೆ. ಮಿಶ್ರಣ ಮಾಡಿ ಹಾಕಿದರೆ ಕಚ್ಚುವುದಿಲ್ಲ, ಸಂದಿಯಲ್ಲಿ ನೀರು ಇಳಿಯುತ್ತದೆ. ನಿಮ್ಮದೇ ಮಾಡಿನ ಹಂಚು ನಿಮ್ಮ ದನದ ಕೊಟ್ಟಿಗೆಗೋ ಬಚ್ಚಲಿಗೋ ಬೆಲೆಬಾಳುವುದು ಇದೇ ಕಾರಣಕ್ಕೆ.

ಪ್ರಶ್ನೆ: ವೈರಿಂಗ್ ಬದಲಿಸಿದ ಎಲೆಕ್ಟ್ರಿಷಿಯನ್ ಹಳೆಯ ವೈರನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಹೋದರು. ಒಡೆದ ಕೋಣೆಯ ತಾರಸಿಯ ಕಬ್ಬಿಣವೂ ಹೋಗಿದೆ. ಇವಕ್ಕೆಲ್ಲ ಜಗಳವಾಡುವಷ್ಟು ಬೆಲೆ ಇದೆಯೇ?
— ಓದುಗರು, ದಾವಣಗೆರೆ

ಉತ್ತರ: ತೂಕ ತಿಳಿದರೆ ನೀವೇ ನಿರ್ಧರಿಸಬಹುದು. ತಾಮ್ರದ ವೈರು 1 ಚದರ ಮಿಲಿಮೀಟರ್ ದಪ್ಪಕ್ಕೆ ಮೀಟರಿಗೆ ಸುಮಾರು 9 ಗ್ರಾಂ ತೂಗುತ್ತದೆ. 90 ಮೀಟರಿನ ಒಂದು ಸುರುಳಿಯಲ್ಲಿ ಒಂದೂವರೆ ಚದರ ಮಿಲಿಮೀಟರಿನದಾದರೆ 1.2 ಕಿಲೋ, ಎರಡೂವರೆಯದಾದರೆ 2 ಕಿಲೋ, ನಾಲ್ಕರದಾದರೆ 3.2 ಕಿಲೋ ತಾಮ್ರ. ಇಡೀ ಮನೆಗೆ ಎಂಟು ಹತ್ತು ಸುರುಳಿ ಎಳೆದಿದ್ದರೆ ಒಟ್ಟು ಸಣ್ಣದೇನಲ್ಲ. ಆದರೆ ಹಳೆಯ ಮನೆಗಳಲ್ಲಿ ಅಲ್ಯೂಮಿನಿಯಂ ವೈರು ಇರುವುದೂ ಉಂಟು. ತುದಿ ಕೆರೆದು ಬಣ್ಣ ನೋಡದೆ ತಾಮ್ರವೆಂದು ವಾದಿಸಬೇಡಿ. ಪ್ಲಾಸ್ಟಿಕ್ ಸುಟ್ಟು ತಾಮ್ರ ತೆಗೆಯಲು ನಿಮ್ಮ ಹಿತ್ತಲಲ್ಲಿ ಯಾರಿಗೂ ಬಿಡಬಾರದು, ಪಿವಿಸಿ ಹೊಗೆ ವಿಷ. ಮೀಟರ್ ಮಾತ್ರ ನಿಮ್ಮದೂ ಅಲ್ಲ, ಎಲೆಕ್ಟ್ರಿಷಿಯನ್ನರದ್ದೂ ಅಲ್ಲ. ಸಾಮಾನ್ಯವಾಗಿ ಅದು ವಿದ್ಯುತ್ ಕಂಪನಿಯ ಸ್ವತ್ತು, ಸ್ಥಳ ಬದಲಿಸಲೂ ಅವರೇ ಬರಬೇಕು.

ತಾರಸಿಯ ಕಬ್ಬಿಣಕ್ಕೆ ಚದರ ಅಡಿಗೆ ಒಂದರಿಂದ ಒಂದೂಕಾಲು ಕಿಲೋ ಎಂಬ ಅಂದಾಜು ಸಾಕು. 10×12 ಅಡಿ ಕೋಣೆಯಾದರೆ 120ರಿಂದ 150 ಕಿಲೋ. ಸರಳಿನ ತೂಕ ಪರೀಕ್ಷಿಸಬೇಕೆಂದರೆ ಮಿಲಿಮೀಟರ್ ದಪ್ಪದ ವರ್ಗವನ್ನು 162ರಿಂದ ಭಾಗಿಸಿ. 8ರ ಸರಳು ಮೀಟರಿಗೆ 0.395 ಕಿಲೋ, 10ರದ್ದು 0.617. ಗುಜರಿಯಲ್ಲಿ ತೂಗುವಾಗ ತಕ್ಕಡಿಯ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ ನೋಡಿ, ಅಂಗಡಿಯಲ್ಲಿ ಕೊಂಡ ಒಡೆಯದ ಅಕ್ಕಿ ಮೂಟೆಯನ್ನೊಮ್ಮೆ ಅದರ ಮೇಲಿಟ್ಟು ಪರೀಕ್ಷಿಸಿ. ಈ ಸರಳನ್ನು ಮಾರಿಯೇ ಬಿಡಿ. ಬಾಗಿಸಿ ನೆಟ್ಟಗೆ ಮಾಡಿದ, ತುಕ್ಕು ತಿಂದು ದಪ್ಪ ಕಳೆದುಕೊಂಡ ಸರಳನ್ನು ಹೊಸ ತಾರಸಿಗೆ ಬಳಸಲು ಯಾರು ಹೇಳಿದರೂ ಕೇಳಬೇಡಿ.

ಪ್ರಶ್ನೆ: ನಾನು ಮೇಸ್ತ್ರಿ. ಖಾಲಿ ಸಿಮೆಂಟ್ ಚೀಲ, ಮುರುಕು ಪೈಪು, ತುಂಡು ಕಬ್ಬಿಣ ಹುಡುಗರ ಚಹಾಕ್ಕೆ ಎಂಬುದು ನಮ್ಮಲ್ಲಿ ಮೊದಲಿನಿಂದ ಬಂದ ವಾಡಿಕೆ. ಹೋದ ತಿಂಗಳು ಒಬ್ಬ ಮಾಲೀಕರು ಎಲ್ಲರ ಮುಂದೆ ಕಳ್ಳರು ಎಂದರು. ನಾವು ಮಾಡಿದ್ದು ತಪ್ಪೇ?
— ಓದುಗರು, ತುಮಕೂರು

ಉತ್ತರ: ಹಾಗೆ ಅನ್ನಬಾರದಿತ್ತು, ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ವಾಡಿಕೆ ಎಂಬುದು ಇಬ್ಬರಿಗೂ ಗೊತ್ತಿದ್ದರೆ ಮಾತ್ರ ವಾಡಿಕೆ. ಹಿಂದೆ ಮನೆಯ ಯಜಮಾನರು ಜಗಲಿಯ ಮೇಲೆ ಕೂತಿರುತ್ತಿದ್ದರು. ‘ಅದನ್ನ ತಗೊಂಡು ಹೋಗ್ರಪ್ಪ’ ಎಂದು ಅವರೇ ಹೇಳುತ್ತಿದ್ದರು. ಈಗ ಮಾಲೀಕರು ಆಫೀಸಿನಲ್ಲಿರುತ್ತಾರೆ, ಜೀವನದಲ್ಲಿ ಮೊದಲ ಸಲ ಮನೆ ಕೆಲಸ ಮಾಡಿಸುತ್ತಿರುತ್ತಾರೆ. ಚೀಲ ಮಾರುವ ವಾಡಿಕೆ ಅವರಿಗೆ ಹೇಗೆ ಗೊತ್ತಾಗಬೇಕು? ಕೆಲಸ ಒಪ್ಪಿಕೊಳ್ಳುವ ದಿನವೇ ‘ಖಾಲಿ ಚೀಲ, ಎರಡಡಿಗಿಂತ ಚಿಕ್ಕ ತುಂಡು ಸರಳು, ಹಳೇ ಪಿವಿಸಿ ಪೈಪು ಇವಿಷ್ಟು ಹುಡುಗರಿಗೆ ಕೊಡ್ತೀರಾ?’ ಎಂದು ಕೇಳಿಬಿಡಿ. ಬೇಡ ಎನ್ನುವವರು ಕಡಿಮೆ. ಒಪ್ಪಿದ್ದನ್ನು ಅವತ್ತೇ ವಾಟ್ಸ್‌ಆ್ಯಪಿನಲ್ಲಿ ಒಂದು ಸಾಲು ಕಳಿಸಿ, ‘ಸರಿ’ ಎಂಬ ಉತ್ತರ ತರಿಸಿಕೊಳ್ಳಿ, ಅದು ನಿಮ್ಮ ಮರ್ಯಾದೆಗೂ ಕಾವಲು. ಮರ, ತಾಮ್ರ, ಹಿತ್ತಾಳೆ, ಕಲ್ಲು, ಮೋಟಾರು ಮಾತ್ರ ಯಾವ ವಾಡಿಕೆಯಲ್ಲೂ ಚಹಾದ ಲೆಕ್ಕಕ್ಕೆ ಸೇರುವುದಿಲ್ಲ. ಇನ್ನೊಂದು ಮಾತು: ಖಾಲಿ ಚೀಲವನ್ನು ಮಾಲೀಕರು ಎಣಿಸುವುದು ಅದರ ಬೆಲೆಗಲ್ಲ, ಎಷ್ಟು ಸಿಮೆಂಟು ಬಳಕೆಯಾಯಿತು ಎಂದು ತಾಳೆ ನೋಡಲು. ಬಿಲ್ಲು ಚುಕ್ತಾ ಆಗುವವರೆಗೆ ಚೀಲಗಳನ್ನು ಕಟ್ಟಿಟ್ಟು, ಎಣಿಸಿ ತೋರಿಸಿದ ಮೇಲೆ ಒಯ್ಯಿರಿ.

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟ್. ಅಡುಗೆಮನೆ ಬದಲಿಸಿದ ಇಂಟೀರಿಯರ್‌ನವರು ಹಳೆಯ ಗ್ರಾನೈಟ್, ಸಿಂಕು, ಚಿಮಣಿ ಒಯ್ದರು. ಬಚ್ಚಲಿನ ಕೆಲಸ ಇನ್ನೂ ಬಾಕಿ ಇದೆ. ತಡೆಯುವುದು ಹೇಗೆ?
— ಓದುಗರು, ಬೆಂಗಳೂರು

ಉತ್ತರ: ನಿಮಗೆ ಗೇಟು ಇದೆ, ಅದನ್ನು ಬಳಸಿ. ‘ನಮ್ಮ ಮನೆಯಿಂದ ಹೊರಹೋಗುವ ಯಾವ ಸಾಮಾನಿಗೂ ನನ್ನ ಸಹಿಯ ಗೇಟ್‌ಪಾಸ್ ಬೇಕು’ ಎಂದು ಸಂಘಕ್ಕೆ ಬರೆದುಕೊಡಿ. ಕಳೆದ ವಾರದ ಹೊರಹೋದ ಪುಸ್ತಕ ತೆರೆಸಿದರೆ ವಾಹನದ ಸಂಖ್ಯೆಯೂ ಸಿಗಬಹುದು. ಗ್ರಾನೈಟ್ ಬಗ್ಗೆ ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ಸಿಂಕಿಗಾಗಿ ಕೊರೆದ ಜಾಗದ ಮುಂದೆ ಹಿಂದೆ ಉಳಿಯುವುದು ಎರಡು ಮೂರು ಇಂಚಿನ ಪಟ್ಟಿ. ಎತ್ತುವಾಗ ಅಲ್ಲೇ ಮುರಿಯುತ್ತದೆ, ಆದ್ದರಿಂದ ಆ ತುಂಡು ಒಡೆಯಿತು ಎಂದರೆ ನಂಬಬಹುದು. ಒಲೆಯ ಬದಿಯ ಉದ್ದನೆಯ ಹಲಗೆ ಒಡೆಯಬೇಕಾಗಿಲ್ಲ. ಅಡಿಯ ಅಂಟನ್ನು ತೆಳು ಉಳಿಯಿಂದ ಬಿಡಿಸಿ, ಚಪ್ಪಟೆಯಾಗಿ ಅಲ್ಲ, ಅಂಚಿನ ಮೇಲೆ ನಿಲ್ಲಿಸಿ ಹೊತ್ತರೆ ಇಡಿಯಾಗಿ ಬರುತ್ತದೆ. ಬಚ್ಚಲಿನಲ್ಲಿ ಗೀಸರ್ ಮತ್ತು ಹಿತ್ತಾಳೆಯ ನಲ್ಲಿಗಳನ್ನು ಹಿಂದಿನ ದಿನವೇ ಪ್ಲಂಬರಿಂದ ಬಿಚ್ಚಿಸಿ ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿ.

ಪ್ರಶ್ನೆ: ನಾವು ಇರುವುದು ಆಸ್ಟ್ರೇಲಿಯಾದಲ್ಲಿ. ಕೊಪ್ಪದ ಹತ್ತಿರ ಅಜ್ಜನ ಮನೆಯ ಹಿಂದಿನ ಭಾಗ ಕುಸಿಯುವಂತಿದೆ. ‘ದುಡ್ಡೇನೂ ಬೇಡ, ಹಳೇ ಮರ ನಾವೇ ತಗೊಂಡು ಕ್ಲೀನ್ ಮಾಡಿ ಕೊಡ್ತೀವಿ’ ಎಂದು ಒಬ್ಬರು ಹೇಳುತ್ತಿದ್ದಾರೆ. ಆರು ಕಂಬಗಳಿವೆ, ಬೀಟೆ ಎಂದು ಚಿಕ್ಕಪ್ಪ ಹೇಳುತ್ತಿದ್ದರು. ಒಪ್ಪಬಹುದೇ?
— ಓದುಗರು, ಮೆಲ್ಬರ್ನ್

ಉತ್ತರ: ಕಂಬ ಅಳೆಯುವವರೆಗೆ ಒಪ್ಪಬೇಡಿ. ಊರಿನಲ್ಲಿರುವ ನಂಬಿಗಸ್ತರನ್ನೂ, ಮರ ಕೊಳ್ಳಲು ಬಯಸದ ಬೇರೆ ಊರಿನ ಬಡಗಿಯೊಬ್ಬರನ್ನೂ ಕಳಿಸಿ. ಕಂಬದ ಹಿಂಬದಿಯ ಒಂದಿಂಚು ಜಾಗದಲ್ಲಿ ಹತ್ತರಿ ಆಡಿಸಿದರೆ ಜಾತಿ ತಿಳಿಯುತ್ತದೆ. ಬೀಟೆ ನೇರಳೆ ಛಾಯೆಯ ಕಂದು ಮೈಯಲ್ಲಿ ಕಪ್ಪು ಗೆರೆ ತೋರಿಸುತ್ತದೆ. ದುಂಡು ಕಂಬಕ್ಕೆ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು, ಅದರ ಕಾಲುಭಾಗವನ್ನು ವರ್ಗ ಮಾಡಿ, ಅಡಿಯಲ್ಲಿರುವ ಉದ್ದದಿಂದ ಗುಣಿಸಿ, 144ರಿಂದ ಭಾಗಿಸುವುದು ಮರದ ವ್ಯಾಪಾರದ ಹಳೆಯ ಕ್ರಮ. 32 ಇಂಚು ಸುತ್ತಳತೆ, 8 ಅಡಿ ಎತ್ತರದ ಕಂಬವಾದರೆ 8×8×8 ಭಾಗಿಸು 144, ಅಂದರೆ ಮೂರೂವರೆ ಘನ ಅಡಿ. ಆರು ಕಂಬಕ್ಕೆ 21. ಅದು ಬೀಟೆಯೇ ಆಗಿದ್ದರೆ ‘ಕ್ಲೀನ್ ಮಾಡಿ ಕೊಡುವ’ ಕೂಲಿ ಅದರ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಮಾರುವುದಾಗಲಿ, ಬೆಂಗಳೂರಿನ ಮನೆಗೆ ಸಾಗಿಸುವುದಾಗಲಿ, ಮರ ಲಾರಿ ಹತ್ತುವ ಮುಂಚೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ಬೇಕಾದ ಕಾಗದ ಮಾಡಿಸಲೇಬೇಕು. ಕಂಬಗಳು ಮನೆಯಲ್ಲಿ ನಿಂತಿರುವಾಗಲೇ ತೆಗೆದ ಫೋಟೊ, ಮನೆಯ ಕಂದಾಯದ ರಸೀದಿ ಅಲ್ಲಿ ಉಪಯೋಗಕ್ಕೆ ಬರುತ್ತವೆ. ಕಳಚಿದ ಮೇಲೆ ಫೋಟೊ ತೆಗೆದರೆ ಅದು ಬರೀ ಮರದ ರಾಶಿ.

ಕಳಚುವ ದಿನ ಮಾಡಿನ ಭಾರ ಮೊದಲು ಇಳಿಯಬೇಕು: ಹಂಚು, ರೀಪು, ಪಕಾಸು, ತೊಲೆ, ಕೊನೆಗೆ ಕಂಬ. ಮೊಳೆಗಳನ್ನೆಲ್ಲ ಕೀಳಿಸಿ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಕಲ್ಲಿನ ಮೇಲೆ, ಪದರ ಪದರಕ್ಕೆ ನಡುವೆ ಒಂದಿಂಚಿನ ರೀಪು ಕೊಟ್ಟು ಒಟ್ಟಿಸಿ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಸಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಒಳಗಿನ ತೇವ ಹೊರಬರಲಾಗದೆ ಬೂಷ್ಟು ಹಿಡಿಯುತ್ತದೆ. ಮೇಲೆ ಮಾಡು, ನಾಲ್ಕೂ ಬದಿಗೆ ಗಾಳಿ, ಗೆದ್ದಲು ಹತ್ತದಂತೆ ತಿಂಗಳಿಗೊಮ್ಮೆ ಕಲ್ಲಿನ ಬುಡದಲ್ಲಿ ಮಣ್ಣಿನ ಗೆರೆ ಎದ್ದಿದೆಯೇ ಎಂದು ನೋಡುವವರು ಒಬ್ಬರು, ಇಷ್ಟಿದ್ದರೆ ನೀವು ಊರಿಗೆ ಬರುವವರೆಗೆ ಕಂಬಕ್ಕೆ ಏನೂ ಆಗುವುದಿಲ್ಲ.

ಪ್ರಶ್ನೆ: ಹಳೆಯ ಇಟ್ಟಿಗೆ ಒಂದೂ ಇಡಿಯಾಗಿ ಸಿಗಲಿಲ್ಲ ಎಂದರು. ಎದುರು ಮನೆಯಲ್ಲಿ ಸಾವಿರಾರು ಸಿಕ್ಕಿದ್ದವು. ನಮ್ಮದನ್ನು ಮಾರಿಕೊಂಡಿರಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಅನುಮಾನ ಪಡುವ ಮುಂಚೆ ಉಳಿದ ಗೋಡೆಯ ಸಂದಿಯನ್ನು ಕೆರೆದು ನೋಡಿ. ಬಿಳಿಯಾಗಿ, ಮೊಳೆಯಿಂದ ಗೀಚಿದರೆ ಪುಡಿ ಉದುರಿದರೆ ಅದು ಸುಣ್ಣದ ಗಾರೆ. ಅಂಥ ಗೋಡೆಯ ಇಟ್ಟಿಗೆ ಸುತ್ತಿಗೆಯ ಹಿಂಬದಿಯಿಂದ ತಟ್ಟಿದರೆ ಬಿಡುತ್ತದೆ, ಮುಕ್ಕಾಲು ಪಾಲಾದರೂ ಕೈಗೆ ಸಿಗಬೇಕು. ಸಂದಿ ಬೂದು ಬಣ್ಣವಾಗಿ ಮೊಳೆಗೆ ಜಗ್ಗದಿದ್ದರೆ ಸಿಮೆಂಟು. ಅದು ಇಟ್ಟಿಗೆಗಿಂತ ಗಟ್ಟಿ, ಬಿಡಿಸಲು ಹೋದರೆ ಸಂದಿಯ ಬದಲು ಇಟ್ಟಿಗೆಯೇ ಒಡೆಯುತ್ತದೆ. ನಿಮ್ಮದು ಸಿಮೆಂಟಿನ ಗೋಡೆಯಾಗಿದ್ದರೆ ಅವರು ಹೇಳಿದ್ದು ನಿಜ. ಆ ಚೂರುಗಳನ್ನು ನೆಲದ ತಳಪಾಯಕ್ಕೆ ತುಂಬಿಸಿಕೊಳ್ಳಿ, ಹೊರಗಿನಿಂದ ತರಿಸುವ ಒಂದೆರಡು ಲೋಡು ಉಳಿಯುತ್ತದೆ.